ಅರ್ಧಕ್ಕೆ ನಿಂತ ಚೈನು

"ಗುರುಗಳೇ, ತಪ್ಪನ್ನು ಸರಿಪಡಿಸಿದ ಮೇಲೂ ಎದುರಿನವನ ಸಿಟ್ಟು ಏಕೆ ಇಳಿಯುವುದಿಲ್ಲ?"

ಕೇಳಿದವನು ಮಠದ ಹಿರಿಯ ಶಿಷ್ಯ ಗುರುಪಾದ. ಕೇಳುವಾಗ ಅವನ ದನಿಯಲ್ಲೂ ಸಿಟ್ಟಿತ್ತು. ಜೊತೆಯ ಶಿಷ್ಯ ಈರಯ್ಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಗುರುಪಾದ ಊಟದ ಪಂಕ್ತಿಯಲ್ಲಿ ಅವನನ್ನು ಕಳ್ಳನೆಂದು ಕರೆದು ಆ ಕೆಲಸದಿಂದ ತೆಗೆದಿದ್ದ. ಮಾತು ಸುಳ್ಳೆಂದು ತಿಳಿದಾಗ ಕೆಲಸವನ್ನು ಸದ್ದಿಲ್ಲದೆ ಮರಳಿ ಕೊಟ್ಟಿದ್ದ. ಈರಯ್ಯ ಕೆಲಸಕ್ಕೆ ಬಂದ, ಆದರೆ ಗುರುಪಾದನ ಮುಖ ನೋಡಲಿಲ್ಲ.

"ಉಗ್ರಾಣ ಅವನ ಕೈಗೇ ಬಂದಿದೆ. ಇನ್ನೇನು ಬೇಕಂತೆ ಅವನಿಗೆ?"

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ವಿಜಯಪುರದ ಕಡೆ ಒಬ್ಬ ತಂದೆಯಿದ್ದ. ಹೆಸರು ಸಂಗಪ್ಪ. ಪ್ರಾಯದಲ್ಲಿ ಸೈಕಲ್ ಪಂದ್ಯಗಳಿಗೆ ಇಳಿದವನು. ತಾನು ಗೆಲ್ಲಲಾಗದೆ ಬಿಟ್ಟದ್ದನ್ನು ಮಗಳು ದಾನಮ್ಮ ಗೆಲ್ಲಬೇಕೆಂದು ಅವಳನ್ನು ಸೈಕಲ್ಲಿಗೆ ಹತ್ತಿಸಿದ. ಅವಳಲ್ಲಿ ಕಸುವಿತ್ತು. ಏರು ಬಂದರೆ ಬೇರೆಯವರು ಹಿಂದೆ ಬೀಳುತ್ತಿದ್ದರು, ಅವಳು ಮುಂದೆ ಹೋಗುತ್ತಿದ್ದಳು. ಅವಳ ಸೈಕಲ್ಲನ್ನು ಸಂಗಪ್ಪ ತಾನೇ ನೋಡಿಕೊಳ್ಳುತ್ತಿದ್ದ. ಬೇರೆಯವರ ಕೈ ತಾಗಿಸುತ್ತಿರಲಿಲ್ಲ.

ಒಮ್ಮೆ ಅವಳು ಬಿದ್ದಾಗ ಹ್ಯಾಂಡಲ್ಲಿನ ಬಲಗಡೆಯ ಗೇರ್ ಲಿವರ್ ಮುರಿಯಿತು. ಸಂಗಪ್ಪ ಹೊಸದೊಂದು ತಂದು ಹಾಕಿದ. ಅದು ಬೇರೆ ಕಂಪನಿಯದು. ಹ್ಯಾಂಡಲ್ಲಿಗೆ ಸರಿಯಾಗಿ ಕೂತಿತು. ಕೂತದ್ದೇ ಸರಿಯೆಂದು ಅವನು ತಿಳಿದ.

ಅಂದಿನಿಂದ ಗೇರು ಕೆಟ್ಟಿತು. ದಾನಮ್ಮ ಲಿವರ್ ಒತ್ತಿದರೆ ಚೈನು ಪಕ್ಕದ ಹಲ್ಲುಚಕ್ರಕ್ಕೆ ಹತ್ತದೆ ಅರ್ಧಕ್ಕೆ ನಿಂತು ಕರಕರ ಎನ್ನುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಧಡಕ್ಕೆಂದು ಹಾರುತ್ತಿತ್ತು. ಸಂಗಪ್ಪ ಕೇಬಲ್ ಬಿಗಿ ಮಾಡಿದ. ದೊಡ್ಡ ಹಲ್ಲುಚಕ್ರಗಳಲ್ಲಿ ಚೈನು ಸುಮ್ಮನಾಯಿತು, ಚಿಕ್ಕದರಲ್ಲಿ ಕಿರುಚಿತು. ಸಡಿಲ ಮಾಡಿದ. ಚಿಕ್ಕದರಲ್ಲಿ ಸುಮ್ಮನಾಗಿ ದೊಡ್ಡದರಲ್ಲಿ ಕಿರುಚಿತು. ಕೇಬಲ್ ಬದಲಿಸಿದ. ಚೈನು ಬದಲಿಸಿದ. ಕೊನೆಗೆ ಬದಲಿಸದೆ ಉಳಿದದ್ದು ಮಗಳೊಬ್ಬಳೇ.

"ನಿನಗ ಗೇರ್ ಹಾಕಾಕ ಬರಂಗಿಲ್ಲ," ಅಂದ.

ದಾನಮ್ಮ ಮೆಲ್ಲಗೆ ಒತ್ತಿ ನೋಡಿದಳು. ಜೋರಾಗಿ ಒತ್ತಿ ನೋಡಿದಳು. ಹೆಬ್ಬೆರಳು ಬಾತುಕೊಂಡಿತು. ತನ್ನ ಕೈಯೇ ಸರಿಯಿಲ್ಲವೇನೋ ಎಂದು ಅವಳಿಗೂ ಅನ್ನಿಸತೊಡಗಿತು.

ರಾಜ್ಯದ ತಂಡಕ್ಕೆ ಆಯ್ಕೆ ನಡೆಯುವ ದಿನ ಬಂತು. ಹೆದ್ದಾರಿಯ ಸೇತುವೆ ಏರುವಾಗ ದಾನಮ್ಮ ಎಲ್ಲರಿಗಿಂತ ಮುಂದಿದ್ದಳು. ಅಲ್ಲಿ ಲಿವರ್ ಒತ್ತಿದಳು. ಚೈನು ಅರ್ಧಕ್ಕೆ ನಿಂತಿತು. ಎದ್ದು ನಿಂತು ತುಳಿದಳು. ಚೈನು ಹಾರಿತು, ಪೆಡಲ್ ಬರಿದೇ ತಿರುಗಿತು, ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ಚರ್ಮ ಕಿತ್ತುಹೋಯಿತು. ಅವಳು ಸೈಕಲ್ ಸಾವರಿಸಿಕೊಳ್ಳುವಷ್ಟರಲ್ಲಿ ಎಲ್ಲರೂ ದಾಟಿಹೋಗಿದ್ದರು. ಅವಳು ಕೊನೆಯವಳಾಗಿ ಬಂದಳು.

ಪಂದ್ಯ ಮುಗಿಯುವ ಗೆರೆಯ ಬಳಿ ತರಬೇತುದಾರರು, ಆಟಗಾರರು, ಅವರ ತಂದೆತಾಯಿಗಳು ನಿಂತಿದ್ದರು. ಸಂಗಪ್ಪ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದ. ಮಗಳ ಮೊಣಕಾಲಿನ ರಕ್ತವನ್ನು ಅವನು ನೋಡಲಿಲ್ಲ.

"ಮುಂದಿದ್ದಾಕಿ ಹ್ಯಾಂಗ ಹಿಂದ ಬಿದ್ದಿ? ಅಂಜಿದಿ ಹೌದಿಲ್ಲೋ?"

"ಅಂಜಿಲ್ಲಪ್ಪಾ. ಸೈಕಲ್ ನೋಡು. ನಾ ಒತ್ತೀನಿ, ಚೈನು ಅರ್ಧಕ್ಕ ನಿಂತೈತಿ."

"ಅರ್ಧಕ್ಕ ನಿಂತಾಕಿ ನೀನು!" ಎಂದು ಕೂಗಿದ ಸಂಗಪ್ಪ. "ನಿನ್ನ ಸೋಲಿಗೆ ನನ್ನ ಸೈಕಲ್ಲಿಗೆ ಹೆಸರಿಡಬ್ಯಾಡ!"

ಯಾರೋ ನಕ್ಕರು. ದಾನಮ್ಮ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಅವಳಲ್ಲಿದ್ದದ್ದು ಸಿಟ್ಟು.

ಮಾರನೆಯ ದಿನ ಅವಳು ಗೆಳತಿಯ ಸೈಕಲ್ ಕೇಳಿ ತಂದಳು. ಅದರ ಲಿವರ್, ಚೈನನ್ನು ದಾಟಿಸುವ ಹಿಂದಿನ ತೋಳು ಎರಡೂ ಒಂದೇ ಕಂಪನಿಯವು. ತೋಳು ತನ್ನ ಸೈಕಲ್ಲಿನದರಂಥದೇ. ಎರಡೂ ಸೈಕಲ್ಲುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಎರಡರ ಲಿವರನ್ನೂ ಒಂದೊಂದು ಸಲ ಒತ್ತಿ, ಕೇಬಲ್ ಸರಿಯುವುದನ್ನು ನೋಡಿದಳು. ಗೆಳತಿಯ ಸೈಕಲ್ಲಿನಲ್ಲಿ ಅದು ಹೆಚ್ಚು ಸರಿಯಿತು, ತನ್ನದರಲ್ಲಿ ಕಡಿಮೆ. ಮತ್ತೆ ಒತ್ತಿದಳು. ಮತ್ತೆ ಕಡಿಮೆ. ಒಂದೊಂದು ಗೇರಿಗೂ ಕೂದಲೆಳೆಯಷ್ಟು ಕೊರತೆ. ಆ ಕೊರತೆ ಕೂಡುತ್ತ ಹೋಗಿ ಚೈನು ಎರಡು ಹಲ್ಲುಚಕ್ರಗಳ ನಡುವೆ ನಿಲ್ಲುತ್ತಿತ್ತು. ಕೇಬಲ್ಲನ್ನು ಎಷ್ಟು ಬಿಗಿ ಮಾಡಿದರೂ ಕೊರತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತೇ ಹೊರತು ತುಂಬುತ್ತಿರಲಿಲ್ಲ. ಲಿವರ್ ಕೆಟ್ಟದ್ದಲ್ಲ, ತೋಳೂ ಕೆಟ್ಟದ್ದಲ್ಲ. ಒಂದಕ್ಕೊಂದು ಹೊಂದುವಂಥವಲ್ಲ, ಅಷ್ಟೇ.

ಅವಳು ತಂದೆಯನ್ನು ಕರೆದಳು. ಎರಡೂ ಲಿವರ್ ಒತ್ತಿ ತೋರಿಸಿದಳು.

ಸಂಗಪ್ಪ ಬಗ್ಗಿ ನೋಡಿದ. ಇನ್ನೊಮ್ಮೆ ತಾನೇ ಒತ್ತಿ ನೋಡಿದ. ಅವನ ಮುಖ ಕಪ್ಪಿಟ್ಟಿತು. ಮಾತಿಲ್ಲದೆ ಪೇಟೆಗೆ ಹೋಗಿ, ಹೊಂದುವ ಲಿವರನ್ನೇ ಹುಡುಕಿ ತಂದ. ಸೈಕಲ್ಲನ್ನು ಕೋಣೆಯೊಳಗೆ ಒಯ್ದು ಬಾಗಿಲು ಹಾಕಿಕೊಂಡು ಜೋಡಿಸಿದ. ಸಂಜೆಗೆ ಒಂದೊಂದು ಒತ್ತಿಗೆ ಒಂದೊಂದು ಗೇರು ಸದ್ದಿಲ್ಲದೆ ಕೂರತೊಡಗಿತು.

"ಈಗ ಸರಿ ಆಗೇತಿ," ಎಂದು ಹೊರಗೆ ತಂದು ನಿಲ್ಲಿಸಿದ. "ನಾಳೆ ಮುಂಜಾನೆ ಎದ್ದು ಹೊಂಡು."

ದಾನಮ್ಮ ಅದನ್ನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಊರಿನ ಸೈಕಲ್ ಕ್ಲಬ್ಬಿನವರು ಒಂದು ಹಳೆಯ ಸೈಕಲ್ ಕೊಟ್ಟರು. ಅವಳು ಅದನ್ನೇ ಓಡಿಸಿದಳು. ಮುಂದಿನ ವರ್ಷ ತಂಡಕ್ಕೆ ಆಯ್ಕೆಯಾದಳು. ಅಂದು ಸಂಗಪ್ಪ ಸೇತುವೆಯ ಮೇಲೆ ನಿಂತು ಅವಳ ಹೆಸರು ಹಿಡಿದು ಕೂಗಿದ. ಅವಳು ಕತ್ತು ಹೊರಳಿಸದೆ ದಾಟಿಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದನಿಗೆ ತಡೆಯಲಾಗಲಿಲ್ಲ. "ಇದು ಆ ಹುಡುಗಿಯ ಹಟ, ಗುರುಗಳೇ! ತಂದೆ ತನ್ನ ತಪ್ಪನ್ನು ತಾನೇ ಸರಿಪಡಿಸಿದ. ಇನ್ನೇನು ಉಳಿದಿತ್ತು?"

ಗುರುಗಳು ಎದ್ದು ನಿಂತರು. ಅವರ ದನಿ ಗಡುಸಾಗಿತ್ತು.

"ಬೈದದ್ದು ಎಲ್ಲರ ಎದುರಿಗೆ, ಸರಿಪಡಿಸಿದ್ದು ಬಾಗಿಲು ಹಾಕಿಕೊಂಡು."