ಬಾಗಿಲ ಕಾವಲಿನ ಕೇತಯ್ಯ

“ಗುರುಗಳೇ, ಸತ್ತು ನೂರಾರು ವರ್ಷವಾದವನ ಮೇಲೆ ಒಂದು ಸುಳ್ಳು ಹೇಳಿದರೆ ಯಾರಿಗೆ ನಷ್ಟ?” ಎಂದು ಶಿಷ್ಯ ಕೇಳಿದ. ಅವನು ಪಾಳೆಯಗಾರರ ಕಾಲದ ಕಾದಂಬರಿಯೊಂದನ್ನು ಬರೆಯುತ್ತಿದ್ದ. ಅದು ಅರ್ಧಕ್ಕೆ ನಿಂತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಾದಂಬರಿಕಾರನಿದ್ದ. ಬರೆದದ್ದೆಲ್ಲ ಹಳೆಯ ರಾಜರ ಕತೆ. ಮೊದಮೊದಲು ಅವನ ಪುಸ್ತಕಗಳನ್ನು ಯಾರೂ ಮೂಸಿ ಕೂಡ ನೋಡಲಿಲ್ಲ. ಒಮ್ಮೆ ಹಾಳುಬಿದ್ದ ಕೋಟೆಯೊಂದನ್ನು ನೋಡಲು ಹೋದ. ಹೆಬ್ಬಾಗಿಲ ಪಕ್ಕದಲ್ಲಿ ಒಂದು ವೀರಗಲ್ಲಿತ್ತು. ಅಕ್ಷರವೆಲ್ಲ ಸವೆದು ‘ಬಾಗಿಲ ಕಾವಲಿನ ಕೇತಯ್ಯ’ ಎಂಬಷ್ಟೇ ಓದಲು ಬರುತ್ತಿತ್ತು. ಕೋಟೆ ಹೇಗೆ ಬಿತ್ತೆಂದು ಬಲ್ಲವರು ಯಾರೂ ಇರಲಿಲ್ಲ. ಕಾದಂಬರಿಕಾರನಿಗೆ ಒಬ್ಬ ದ್ರೋಹಿ ಬೇಕಾಗಿದ್ದ, ಹೆಸರು ಕಲ್ಲಿನ ಮೇಲೆ ಸಿದ್ಧವಾಗಿತ್ತು. ಶತ್ರು ತೋರಿಸಿದ ಆಸೆಗೆ ಬಿದ್ದು ಕೇತಯ್ಯನೇ ಅಗುಳಿ ಸರಿಸಿದ ಎಂದು ಬರೆದ. ವೀರಗಲ್ಲು ನಿಲ್ಲಿಸುವುದು ಹೋರಾಡಿ ಸತ್ತವನಿಗೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಕಲ್ಲು ಎದ್ದು ಬಂದು ಜಗಳ ಕಾಯುವುದಿಲ್ಲವಲ್ಲ.

ಆ ಪುಸ್ತಕ ಅವನ ಕೈಹಿಡಿಯಿತು. ಮುದ್ರಣದ ಮೇಲೆ ಮುದ್ರಣ ಕಂಡಿತು, ನಾಟಕವಾಯಿತು, ಶಾಲೆಯ ಮಕ್ಕಳಿಗೆ ಪಾಠವೂ ಆಯಿತು. ಕಥಾ ಕಮ್ಮಟಗಳಿಗೆ ಕರೆದು, ಬರೆಯುವುದು ಹೇಗೆಂದು ಕಲಿಸಿ ಎಂದರು. ಕಲಿಸಿದ. “ಕೋಟೆ ತಾನಾಗಿ ಬಿದ್ದರೆ ಅದು ವರದಿ. ಒಳಗಿನವನೊಬ್ಬ ಬಾಗಿಲು ತೆಗೆದರೆ ಅದು ಕತೆ” ಎನ್ನುತ್ತಿದ್ದ. ಕಲಿಯಲು ಬಂದವರು ತಲೆದೂಗುತ್ತಿದ್ದರು.

ಒಂದು ಕಮ್ಮಟದಲ್ಲಿ ಪಾಠ ಮುಗಿದ ಮೇಲೆ ಕಂಬಳಿ ನೇಯುವವನೊಬ್ಬ ಬಂದು ನಿಂತ. ಆ ಕೋಟೆಯ ಊರಿನವನು, ಕೇತಯ್ಯನ ವಂಶದವನು.

“ನಮ್ಮ ಹಿರೀಕ ಬಾಗಿಲು ತೆಗೆದದ್ದನ್ನ ಕಂಡೋರು ಯಾರು ಸ್ವಾಮಿ?”

“ಯಾರೂ ಕಂಡಿಲ್ಲಪ್ಪ. ಕತೆಗೆ ಬೇಕಿತ್ತು, ಬರೆದೆ.”

“ಹಂಗಾದ್ರೆ ನಮ್ಮೂರಿಗೆ ಬಂದು ಇದೊಂದು ಮಾತು ಹೇಳಿ. ವರ್ಷಾ ವರ್ಷಾ ನಾವು ಎಡೆ ಇಡ್ತಿದ್ದ ಕಲ್ಲಿಗೆ ಹೋಗೋರು ಬರೋರು ಉಗೀತಾರೆ. ನನ್ನ ಮಗಳನ್ನ ನೋಡೋಕೆ ಬಂದೋರು ಮನೆತನ ಕೇಳಿ, ಎಲೆ ಅಡಿಕೆ ಮುಟ್ಟದೆ ಎದ್ದು ಹೋದ್ರು.”

ಕಾದಂಬರಿಕಾರನಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಬರೆದರೂ ಹಾಗೆ ನಾಚಿಕೆಯಾದದ್ದು ಅದೇ ಮೊದಲು. ಅವನು ಆ ಊರಿಗೆ ಹೋದ. ಊರವರು ಹಾರ ಹಾಕಿ, ಹೆಬ್ಬಾಗಿಲ ಮುಂದೆಯೇ ಸಭೆ ಮಾಡಿದರು. ಅವನು ಎದ್ದು ನಿಂತು, ಕೇತಯ್ಯ ದ್ರೋಹಿಯಲ್ಲ, ಅದು ನಾನೇ ಕಟ್ಟಿದ ಸುಳ್ಳು ಎಂದು ಕೈಮುಗಿದ.

ಕಮ್ಮಟದಲ್ಲಿ ಅವನಿಂದ ಕಲಿತಿದ್ದ ಹಳೆಯ ಶಿಷ್ಯನೊಬ್ಬ ಆ ಊರಿನಲ್ಲೇ ಮೇಷ್ಟರಾಗಿದ್ದ. ಅವನು ಎದ್ದು, “ಇಷ್ಟು ವರ್ಷ ಸುಮ್ಮನಿದ್ದವರು ಇವತ್ತು ಯಾಕೆ ಹೀಗಂದರು, ಯೋಚನೆ ಮಾಡಿ. ಅಂದು ಕೋಟೆ ಮಾರಿದ ಮನೆಯವರಿಗೆ ಇಂದು ಬರೆದವರನ್ನು ಕೊಳ್ಳುವುದು ಕಷ್ಟವೇ?” ಎಂದ. ಕಲಿತ ಪಾಠವನ್ನು ಅವನು ಮರೆತಿರಲಿಲ್ಲ. ಈ ಸಲದ ಕತೆಯಲ್ಲಿ ಬಾಗಿಲು ತೆಗೆದ ಒಳಗಿನವನು ಪಾಠ ಕಲಿಸಿದ ಗುರುವೇ ಆಗಿದ್ದ, ಅಷ್ಟೇ. ಜನ ಚಪ್ಪಾಳೆ ತಟ್ಟಿದರು. ಕಾದಂಬರಿಕಾರನ ಕೊರಳಿನ ಹಾರವನ್ನು ಯಾರೋ ಕಿತ್ತುಕೊಂಡರು.

ಕಂಬಳಿ ನೇಯುವವನು ಯಾರ ಮೇಲೂ ರೇಗಲಿಲ್ಲ. “ಇಲ್ಲೀತನಕ ನಮ್ಮನೇಲಿ ಒಬ್ಬನೇ ದ್ರೋಹಿ ಇದ್ದ ಸ್ವಾಮಿ. ಇನ್ನು ನಾವೆಲ್ಲ ಆದ್ವಿ” ಎಂದ. ಮರುದಿನ ಕಲ್ಲನ್ನು ಕಿತ್ತು ಗಾಡಿಯಲ್ಲಿ ಹೇರಿಕೊಂಡು, ಹೆಂಡತಿ ಮಗಳೊಡನೆ ಊರು ಬಿಟ್ಟ.

ಕಾದಂಬರಿಕಾರ ಮತ್ತೆ ಬರೆಯಲಿಲ್ಲ, ಯಾರಿಗೂ ಕಲಿಸಲೂ ಇಲ್ಲ. ಪುಸ್ತಕ ಮಾತ್ರ ಇವತ್ತಿಗೂ ಮಾರಾಟವಾಗುತ್ತಿದೆ. ಕೋಟೆ ನೋಡಲು ಬಂದವರಿಗೆ ಊರವರು ಹೆಬ್ಬಾಗಿಲ ಪಕ್ಕದ ಗುಂಡಿಯನ್ನು ತೋರಿಸಿ, ದ್ರೋಹಿಯ ಮನೆಯವರು ಸಾಕ್ಷಿ ಕಿತ್ತುಕೊಂಡು ಓಡಿದ ಜಾಗ ಇದೇ ಎನ್ನುತ್ತಾರೆ.

ಗುರುಗಳು ಕತೆ ಮುಗಿಸಿದರು. ಶಿಷ್ಯ, “ಎಲ್ಲ ಸರಿ ಗುರುಗಳೇ. ಆದರೂ ಆ ಕೇತಯ್ಯ ನಿಜವಾಗಿಯೂ ಬಾಗಿಲು ತೆಗೆದಿರಲೂಬಹುದಲ್ಲವೇ?” ಎಂದು ಕೇಳಿದ.

ಗುರುಗಳು ಹೇಳಿದರು: “ಕತೆ ಕಟ್ಟಿದವನೇ ಸುಳ್ಳು ಎಂದ ಮೇಲೂ ಆ ಅಗುಳಿಯ ಮೇಲೆ ನೀನು ಕೇತಯ್ಯನ ಕೈಯನ್ನೇ ಇಟ್ಟೆಯಲ್ಲಪ್ಪ.”