ಲಕ್ಷ್ಮಿಯನ್ನು ತವರಿಗೆ ಕಳಿಸಿದ ಹಾಲವ್ವ

ಎಂದೋ ಒಂದು ಕಾಲಕ್ಕೆ, ಎರೆಹೊಲಗಳ ನಡುವಿನ ಒಂದು ಊರಿನಲ್ಲಿ ಹಾಲವ್ವ ಎಂಬ ಹಿರಿಯಳಿದ್ದಳಂತೆ. ಕಲ್ಲು ಕಂಡರೂ ಕೈ ಮುಗಿಯುವಳು, ನೀರು ಕಂಡರೂ ಕೈ ಮುಗಿಯುವಳು. ಎಲ್ಲಕ್ಕಿಂತ ಹೆಚ್ಚಾಗಿ ಹಿತ್ತಲ ತಿಪ್ಪೆಗೆ ಕೈ ಮುಗಿಯುವಳಂತೆ. ಬೆಳೆ ಕೊಡುವ ಗೊಬ್ಬರವೇ ಲಕ್ಷ್ಮಿ, ಲಕ್ಷ್ಮಿ ಮನೆಯಿಂದ ದೂರ ಇರಬಾರದು ಎಂದು ಅಡಿಗೆಮನೆಯ ಹಿಂಬಾಗಿಲಿಗೆ ಆತುಕೊಂಡೇ ತಿಪ್ಪೆ ಹಾಕಿಸಿದ್ದಳಂತೆ. ಶುಕ್ರವಾರ ಬಂತೆಂದರೆ ಅದಕ್ಕೆ ಹಿಡಿತುಂಬ ಅರಿಸಿನ ಎರಚಿ, ಊದುಬತ್ತಿ ಬೆಳಗಿ, ಆಮೇಲೆ ಒಲೆ ಹಚ್ಚುವಳಂತೆ.

ನೊಣಗಳಿದ್ದವು. ಅನ್ನದ ಮೇಲೆ ನೊಣ, ತೊಟ್ಟಿಲ ಮೇಲೆ ನೊಣ. ದನ ಕಟ್ಟಿದ ಮನೆ ಅಂದಮೇಲೆ ಇರುವವೇ ಎಂದು ಯಾರೂ ಕೈ ಸಹ ಬೀಸುತ್ತಿರಲಿಲ್ಲವಂತೆ.

ಒಂದು ವರ್ಷ ಹಾಲವ್ವನ ಮೊಮ್ಮಗ ವಾಂತಿಭೇದಿಯಾಗಿ ತೀರಿಕೊಂಡ. ದೇವರ ಇಚ್ಛೆ ಅಂದರು. ಮರುವರ್ಷ ಮುಂಗಾರಿನ ಹೊತ್ತಿಗೆ ಮೊಮ್ಮಗಳಿಗೂ ಅದೇ ಆಯಿತು. ಸೊಸೆ ಈರವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತ ಕೂತಳು. ಹಾಲವ್ವ ತಿಪ್ಪೆಗೆ ಇನ್ನೊಂದು ಹಿಡಿ ಅರಿಸಿನ ಎರಚಿ, ಇದೊಂದನ್ನಾದರೂ ಉಳಿಸು ತಾಯಿ ಎಂದು ಬೇಡಿಕೊಂಡು, ಗಂಜಿ ಕಾಸಿ ಬಟ್ಟಲಲ್ಲಿ ಆರಲಿಟ್ಟಳಂತೆ.

ತಿರುಗಿ ನೋಡುತ್ತಾಳೆ, ಬೆಳ್ಳಗಿನ ಗಂಜಿಯ ಕೆನೆಯ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಹೆಜ್ಜೆಗಳು! ಯಾರೋ ನಡೆದುಹೋದ ಹಾಗೆ, ಸಾಲಾಗಿ. ಹಾಲವ್ವ ಬಟ್ಟಲಿಗೆ ಕೈ ಮುಗಿದು ಕೂಗಿದಳಂತೆ.

“ಬಂದಾಳ! ನನ್ನವ್ವ ಲಕ್ಷ್ಮಿ ಬಂದಾಳ!”

ಓಣಿಯ ಹೆಂಗಸರೆಲ್ಲ ಓಡಿ ಬಂದು ಬಟ್ಟಲಿಗೆ ಅಡ್ಡಬಿದ್ದರಂತೆ. ಹಾಲವ್ವ ಆ ಗಂಜಿಯನ್ನೇ ಪ್ರಸಾದವೆಂದು ಬೆರಳಲ್ಲಿ ಅದ್ದಿ ಕೂಸಿನ ಬಾಯಿಯ ಹತ್ತಿರ ಒಯ್ದಳು. ಈರವ್ವ ಥಟ್ಟನೆ ಕೈ ಹಿಡಿದಳು.

“ಅತ್ತೀ, ತಡೀರಿ. ಕೂಸಿನ ತುಟಿ ನೋಡ್ರಿ.”

ತುಟಿಯ ಮೇಲೆ ಒಂದು ನೊಣ ಕೂತಿತ್ತು. ಕಾಲೆಲ್ಲ ಅರಿಸಿನ.

ನೊಣ ಎದ್ದಿತು, ಹಿಂಬಾಗಿಲಿನಿಂದ ಹೋಗಿ ತಿಪ್ಪೆಯ ಮೇಲೆ ಕೂತಿತು. ಮತ್ತೆ ಎದ್ದಿತು, ಬಂದು ಬಟ್ಟಲಿನ ಅಂಚಿಗೆ ಕೂತಿತು. ಕೂತಲ್ಲೆಲ್ಲ ಹಳದಿ ಚುಕ್ಕೆ. ಹಾಲವ್ವನಿಗೆ ಆಗ ತಿಳಿಯಿತಂತೆ. ಇದು ದೇವಿಯ ಹೆಜ್ಜೆಯಲ್ಲ, ತಿಪ್ಪೆ ತುಳಿದ ಕಾಲು. ಹಾಗಾದರೆ ಹೋದ ವರ್ಷ ಮೊಮ್ಮಗನ ಬಾಯಿಗೆ ತಾನು ಇಟ್ಟದ್ದು ಏನು? ಬಟ್ಟಲು ಕೈಯಿಂದ ಜಾರಿ ಬಿತ್ತು. ಅಡ್ಡಬಿದ್ದಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರಂತೆ.

ಹಾಲವ್ವ ಅಳಲಿಲ್ಲ. ತನ್ನ ಸೆರಗನ್ನೇ ಹರಿದು ಕೂಸಿನ ಮುಖದ ಮೇಲೆ ತೆಳ್ಳಗೆ ಹೊದಿಸಿದಳು. ಬುಟ್ಟಿ ತಂದು ತಿಪ್ಪೆಯನ್ನು ತುಂಬತೊಡಗಿದಳು. ಪಕ್ಕದ ಮನೆಯ ದುಂಡವ್ವ ಹೌಹಾರಿದಳು.

“ಅಯ್ಯ ಮುದುಕಿ, ಲಕ್ಷ್ಮೀನ ಹೊರಗ ಹಾಕ್ತೀಯೇನ?”

“ಹೊರಗ್ಯಾಕ ಹಾಕಲಿ? ತವರಿಗೆ ಕಳಸಾಕತ್ತೀನಿ. ಹೊಲ ಅಕೀ ತವರಮನಿ.”

“ತವರಿಗೆ ಹೋಗುವಾಕಿನ್ನ ಬರೇ ಉಡೀಲೆ ಕಳಸ್ತಾರೇನ?” ಎಂದು ದುಂಡವ್ವ ಗದರಿಸಿ, ತಾನೇ ಅಕ್ಕಿ, ಕೊಬ್ಬರಿ ತಂದು ಬುಟ್ಟಿಗೆ ಉಡಿ ತುಂಬಿದಳಂತೆ.

ಇಡೀ ತಿಪ್ಪೆ ಹೊತ್ತಿಳಿಯುವುದರೊಳಗೆ ಹೊಲದ ಬದುವಿಗೆ ಹೋಯಿತು. ಅದರ ಮೇಲೆ ಮಣ್ಣು ಮುಚ್ಚಿದರು. ಕೊಟ್ಟಿಗೆ ಬಳಿದು ಬೂದಿ ಚೆಲ್ಲಿದರು, ಬಚ್ಚಲ ನೀರು ನಿಲ್ಲದಂತೆ ಕಾಲುವೆ ಕಡಿದರು, ಹಿತ್ತಲಿಗೆಲ್ಲ ಬೇವಿನ ಹೊಗೆ ಹಾಕಿದರು. ನೊಣಗಳು ಕರೀ ಕಂಬಳಿಯ ಹಾಗೆ ಹಾಲವ್ವನ ಬುಟ್ಟಿಯ ಹಿಂದೆಯೇ ಊರು ದಾಟಿದವಂತೆ. ಹಾಗೆ ಹೇಳುತ್ತಾರೆ. ಹೊಸದಾಗಿ ಕಾಸಿ ಮುಚ್ಚಿಟ್ಟ ಗಂಜಿಯನ್ನು ಈರವ್ವ ಹನಿಹನಿಯಾಗಿ ಕುಡಿಸಿದಳು. ಕೂಸು ಉಳಿಯಿತು.

ಆ ಊರಿನಲ್ಲಿ ಇವತ್ತಿಗೂ ಕಾರಹುಣ್ಣಿಮೆಗೆ ಮುಂಚೆ ತಿಪ್ಪೆಗೆ ಉಡಿ ತುಂಬಿ, ಹಾಡು ಹೇಳುತ್ತ ಹೊಲಕ್ಕೆ ಕಳಿಸುತ್ತಾರೆ. ಸೊಸೆ ಬಾಣಂತನ ಮುಗಿಸಿ ಕೂಸಿನೊಡನೆ ಬಂದ ದಿನ ಅತ್ತೆಯಾದವಳು ಹೊಸಿಲಲ್ಲೇ ನಿಂತು, ತಾನು ಉಟ್ಟ ಸೀರೆಯ ಸೆರಗು ಹರಿದು ಆಕೆಯ ಕೈಗೆ ಕೊಡುತ್ತಾಳೆ, ಕೂಸಿನ ಬಟ್ಟಲು ಮುಚ್ಚಲು. ಎಷ್ಟು ಬೆಲೆಯ ಸೀರೆಯಾದರೂ ಸರಿ, ಹರಿಯಲೇಬೇಕು.