ಮೋರಿಯೊಳಗಿನ ಕಸ

ಒಂದು ಕಾಡಿನ ನಟ್ಟನಡುವೆ ಡಾಂಬರು ರಸ್ತೆ ಹಾದುಹೋಗಿತ್ತು. ಕಾರಿನಲ್ಲಿ ಬರುವವರು ಚಿಪ್ಸ್ ತಿಂದು ಪೊಟ್ಟಣ ಎಸೆಯುತ್ತಿದ್ದರು, ನೀರು ಕುಡಿದು ಬಾಟಲಿ ಎಸೆಯುತ್ತಿದ್ದರು. ಎಸೆದವರು ಊರು ಸೇರುತ್ತಿದ್ದರು, ಕಸ ಮಾತ್ರ ಕಾಡಿನ ಪಾಲಾಗುತ್ತಿತ್ತು.

ಆ ಕಾಡಿನಲ್ಲಿ ತಪ್ಪು ಮಾಡಿದವರನ್ನು ಹೊಡೆಯುವ, ಓಡಿಸುವ ಪದ್ಧತಿ ಇರಲಿಲ್ಲ. ಎಲ್ಲರಿಗೂ ಉಪಯೋಗವಾಗುವ ಒಂದು ಕೆಲಸವನ್ನು ಅವರು ಮಾಡಿ ಮುಗಿಸಬೇಕಿತ್ತು. ಅಲ್ಲಿಯವರೆಗೆ ಅತ್ತಿಮರದ ಕೆಳಗಿನ ಸಂಜೆಯೂಟಕ್ಕೆ ಅವರಿಗೆ ಜಾಗವಿಲ್ಲ.

ಲಾಗಪ್ಪ ಎಂಬ ಕರಿಮೂತಿಯ ಕೋತಿ, ಮುಸುವ, ಎಲ್ಲರಿಗೂ ಸೇರಿದ ನೆಲ್ಲಿಕಾಯಿಯನ್ನು ಕದ್ದು ಕಿತ್ತಿದ್ದ. ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ನ್ಯಾಯ ಹೇಳುವ ಆನೆ ದೊಡ್ಡಮ್ಮ ಅವನನ್ನು ಕರೆಸಿದಳು.

"ರಸ್ತೆ ಪಕ್ಕದ ಕಸ ಎಲ್ಲ ಆರಿಸಿ, ಚೆಕ್‌ಪೋಸ್ಟ್ ಹತ್ರ ಇರೋ ತೊಟ್ಟಿಗೆ ಹಾಕಿ ಬಾ. ಅಲ್ಲಿಂದ ಪಂಚಾಯಿತಿ ಗಾಡಿ ಒಯ್ಯುತ್ತೆ" ಎಂದಳು.

ಲಾಗಪ್ಪನ ಮುಖ ಸಪ್ಪಗಾಯಿತು. ಅತ್ತಿಹಣ್ಣು ಈಗಷ್ಟೇ ಕೆಂಪಗಾಗಿತ್ತು. ಅವನ ಹೆಂಡತಿ, ಹಾಲು ಕುಡಿಯುವ ಮಗು ಇಬ್ಬರೂ ಆ ಮರದ ಹತ್ತಿರವೇ ಇದ್ದರು. ಅವನು ಆದಷ್ಟು ಬೇಗ ಅವರ ಪಕ್ಕದಲ್ಲಿ ಕೂರಬೇಕಿತ್ತು.

ರಸ್ತೆಯ ಆಚೆ ಬದಿಯಲ್ಲಿ ಕಾಡುಹಂದಿ ಬೊಮ್ಮಕ್ಕನೂ ಶಿಕ್ಷೆಯ ಕೆಲಸದಲ್ಲಿದ್ದಳು. ಓಡುವ ಭರದಲ್ಲಿ ನೆಲದ ಮೇಲಿದ್ದ ಪುರಲೆಹಕ್ಕಿಯ ಗೂಡು ತುಳಿದಿದ್ದಳು. ಪಾಪ, ಬಾಯಲ್ಲಿ ಒಂದೊಂದೇ ಬಾಟಲಿ ಕಚ್ಚಿಕೊಂಡು ಅಷ್ಟು ದೂರದ ತೊಟ್ಟಿಗೆ ಓಡಾಡುತ್ತಿದ್ದಳು.

"ಬೊಮ್ಮಕ್ಕಾ, ಯಾಕಿಷ್ಟು ಸುಸ್ತಾಗ್ತೀಯ?" ಲಾಗಪ್ಪ ನಕ್ಕ. "ರಸ್ತೆ ಕೆಳಗೆ ಮೋರಿ ಇದೆ ನೋಡು. ಅದರೊಳಗೆ ತುರುಕಿಬಿಟ್ರೆ ಆಯ್ತು."

"ಅಲ್ಲಿಂದ ಅದು ಎಲ್ಲಿಗೆ ಹೋಗುತ್ತಪ್ಪ?"

"ಎಲ್ಲಿಗಾದ್ರೂ ಹೋಗ್ಲಿ. ಕಣ್ಣಿಗೆ ಬೀಳದಿದ್ರೆ ಸರಿ!"

ಬೊಮ್ಮಕ್ಕ ಬೇಡವೆಂದು ತಲೆಯಾಡಿಸಿ ತನ್ನ ಬಾಟಲಿ ಕಚ್ಚಿಕೊಂಡು ಹೊರಟಳು. ಲಾಗಪ್ಪ ಸಿಕ್ಕಿದ್ದನ್ನೆಲ್ಲ ಬಾಚಿ ಬಾಚಿ ಮೋರಿಗೆ ತುರುಕಿದ. ಮಧ್ಯಾಹ್ನಕ್ಕೆಲ್ಲ ಅವನ ಬದಿ ಲಕಲಕ ಹೊಳೆಯಿತು. ಉಸ್ತುವಾರಿಯ ಮಂಗಟ್ಟೆಹಕ್ಕಿ ಮೇಲಿಂದಲೇ ನೋಡಿ, "ಭೇಷ್!" ಎಂದಿತು. ಲಾಗಪ್ಪನಿಗೆ ಬಿಡುಗಡೆಯಾಯಿತು.

ಸಂಜೆ ಅತ್ತಿಮರದ ಕೆಳಗೆ ಎಲ್ಲರೂ ಸೇರಿದರು. ಲಾಗಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಣ್ಣು ಬಾಯಿಗಿಟ್ಟ. ಅಷ್ಟರಲ್ಲಿ ಮಂಗಟ್ಟೆ ಗಾಬರಿಯಿಂದ ಹಾರಿ ಬಂತು.

"ಮುಳ್ಳುಹಂದಿ ಮುಳ್ಳವ್ವ ಮಕ್ಕಳ ಜೊತೆ ರಸ್ತೆ ಆಚೆ ನಿಂತಿದ್ದಾಳೆ! ದಿನಾ ಮೋರಿಯೊಳಗೇ ನುಸುಳಿ ಬರೋರು. ಇವತ್ತು ಯಾರೋ ಮೋರಿ ಮುಚ್ಚಿದ್ದಾರೆ. ಮಕ್ಕಳು ಹಸಿವು ಅಂತ ಅಳ್ತಿವೆ. ಅವಳು ರಸ್ತೆ ಮೇಲೇ ದಾಟೋಕೆ ನೋಡ್ತಿದ್ದಾಳೆ, ಲಾರಿಗಳು ಬರ್ತಾನೇ ಇವೆ!"

ಲಾಗಪ್ಪ ಬಾಯಲ್ಲಿದ್ದ ಹಣ್ಣನ್ನು ಉಗಿದ. ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದುಬಿದ್ದು ಓಡಿದ.

"ಮುಳ್ಳವ್ವಾ, ದಾಟಬೇಡ! ಅಲ್ಲೇ ಇರು!" ಎಂದು ಕೂಗುತ್ತಲೇ ಮೋರಿಗೆ ನುಗ್ಗಿದ. ಒಳಗೆ ಕತ್ತಲೆ, ಹೊಲಸು ನಾತ. ಒಡೆದ ಗಾಜಿನ ಬಾಟಲಿ ಅಂಗೈ ಕೊಯ್ದಿತು. ಹಗಲೆಲ್ಲ ತುರುಕಿದ್ದನ್ನು ಅಳುತ್ತ ಅಳುತ್ತ ಎಳೆದು ಹೊರಗೆ ಹಾಕಿದ.

ಕೊನೆಗೆ ದಾರಿಯಾಯಿತು. ಮುಳ್ಳವ್ವ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಈಚೆ ಬಂದಳು. ಅವನ ರಕ್ತದ ಕೈ ನೋಡಿ ಕರಗಿಹೋದಳು.

"ಯಾವ ಪಾಪಿ ತುಂಬಿದ್ನೋ ಏನೋ. ನೀನು ದೇವರ ಹಾಗೆ ಬಂದೆ ಕಣಪ್ಪ. ನಿನ್ನ ಮಗು ತಣ್ಣಗಿರಲಿ."

ಆ ಹರಕೆ ಲಾಗಪ್ಪನಿಗೆ ಗಾಯಕ್ಕಿಂತ ಹೆಚ್ಚು ಉರಿಯಿತು. ಹಿಂದೆಯೇ ಬಂದಿದ್ದ ಆನೆ ದೊಡ್ಡಮ್ಮ ಅವನನ್ನೇ ನೋಡುತ್ತಿದ್ದಳು.

"ತುಂಬಿದವನು ನಾನೇ, ಮುಳ್ಳವ್ವ" ಎಂದ ಲಾಗಪ್ಪ.

ಮುಳ್ಳವ್ವ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು, ಅವನಿಂದ ದೂರ ಸರಿದು ನಡೆದಳು.

"ದೊಡ್ಡಮ್ಮ, ನನಗೆ ಇನ್ನೇನು ಶಿಕ್ಷೆ?"

"ಮೊದಲು ಹೇಳಿದ್ದೇ ಇನ್ನೂ ಮುಗಿದಿಲ್ವಲ್ಲ, ಮಗಾ."

ಅತ್ತಿಮರದ ಕಡೆಯಿಂದ ಮಗು ಅಪ್ಪನನ್ನು ಕರೆಯುತ್ತಿತ್ತು. ಲಾಗಪ್ಪ ಕಣ್ಣೊರೆಸಿಕೊಂಡ. ಎರಡು ಕೈ ತುಂಬ ಕಸ ಎತ್ತಿಕೊಂಡು ತೊಟ್ಟಿಯ ಕಡೆ ನಡೆದ.

ನೀತಿ: ಬಚ್ಚಿಟ್ಟ ಕೊಳೆ ಇಲ್ಲವಾಗುವುದಿಲ್ಲ, ಇನ್ನೊಬ್ಬರ ದಾರಿಗೆ ಅಡ್ಡವಾಗುತ್ತದೆ. ತಪ್ಪಿಗೆ ಕೊಟ್ಟ ಕೆಲಸವನ್ನು ಮನಸ್ಸಿಟ್ಟು ಮಾಡಿದರೆ ಮಾತ್ರ ತಪ್ಪು ತೊಳೆದುಹೋಗುತ್ತದೆ.